ನಾಲೆ ಮೇಲೆ ಮಲಗಿರೋ ವೀರಗಲ್ಲು, ನದಿ ದಂಡೆಯ ಗೋರಿಗಳು: ಶ್ರೀರಂಗಪಟ್ಟಣ ತಾಲ್ಲೂಕಿನವರು ದಯವಿಟ್ಟು ಓದಿ

ನಾಲೆಬಯಲು

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ಶನಿವಾರ ಎಂಟನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿದ್ದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಎಷ್ಟೋ ಸಲ ದಾಟಿದ ಜಾಗ. ಒಳಗೆ ಕಾಲಿಟ್ಟಿದ್ದು ನಾನೂ ಇದೇ ಮೊದಲು. ಗೋಪುರದಂಥವು, ಪೆಟ್ಟಿಗೆಯಂಥವು, ಮೊನಚು ಕಂಬದಂಥವು, ಮುನ್ನೂರಕ್ಕೂ ಹೆಚ್ಚು ಗೋರಿಗಳಿವೆ. ಕಲ್ಲಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಮಕ್ಕಳು ಬೆರಳಿಟ್ಟು ಓದಿದರು. ಹುಟ್ಟಿದ ವರ್ಷ, ಸತ್ತ ವರ್ಷ ಕಳೆದು ವಯಸ್ಸು ಹೇಳಿದರು. ಬಹಳ ಜನ ಚಿಕ್ಕ ವಯಸ್ಸಿನವರು. ಕೂಸುಗಳೂ ಇವೆ.

ಅದಾದ ಮೇಲೆ ಭಾನುವಾರ ಅಮ್ಮನ ತವರಿಗೆ ಹೋಗಿದ್ದೆ, ಅರಕೆರೆ ಹೋಬಳಿಯ ಒಂದು ಹಳ್ಳಿ. ಅಲ್ಲಿ ಗದ್ದೆಗೆ ಹೋಗುವ ದಾರಿಯಲ್ಲಿ ಒಂದು ಸೀಳುನಾಲೆ ಇದೆ. ಅದರ ಮೇಲೆ ದಾಟುವುದಕ್ಕೆ ಒಂದು ಉದ್ದನೆಯ ಕಲ್ಲು ಹಾಕಿದ್ದಾರೆ. ನಾನು ಲಂಗ ಎತ್ತಿಕಟ್ಟಿ ಓಡಾಡುತ್ತಿದ್ದ ಕಾಲದಿಂದಲೂ ಅದು ಅಲ್ಲೇ ಇದೆ. ಈಗ ನಾಲೆಯಲ್ಲಿ ನೀರು ನಿಲ್ಲಿಸಿದ್ದಾರೆ, ತಳ ಒಣಗಿದೆ. ಹಿಂದಿನ ದಿನ ಕಲ್ಲುಗಳನ್ನೇ ನೋಡಿದ್ದ ಕಣ್ಣಲ್ಲವೆ, ಯಾಕೋ ಇಳಿದು ಬಗ್ಗಿ ಮೊಬೈಲ್ ಟಾರ್ಚ್ ಹಾಕಿದೆ. ಕಲ್ಲಿನ ಅಡಿಯ ಮುಖದ ತುಂಬ ಕೆತ್ತನೆ! ಒಬ್ಬ ಬಿಲ್ಲು ಹಿಡಿದಿದ್ದಾನೆ, ಅವನ ಹಿಂದೆ ಕೊಂಬಿರುವ ಪ್ರಾಣಿಗಳು ಸಾಲಾಗಿವೆ. ನಲವತ್ತು ವರ್ಷ ಅದರ ಬೆನ್ನಿನ ಮೇಲೆ ಓಡಾಡಿದ್ದೇನೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಇದು ವೀರಗಲ್ಲೇ ಹೌದಾ? ಎತ್ತಿ ನಿಲ್ಲಿಸಬೇಕೆಂದರೆ ಯಾರನ್ನು ಕೇಳಬೇಕು? ನಾಲೆಗೆ ನೀರು ಬಿಡುವುದರೊಳಗೆ ಆಗುತ್ತದಾ? ಹಾಗೇ, ಗ್ಯಾರಿಸನ್ ಸ್ಮಶಾನದಲ್ಲಿ ಮಲಗಿರುವವರು ಯಾರು ಅಂತ ಮಕ್ಕಳು ಕೇಳಿದ್ದಕ್ಕೆ ನಾನು ಅರ್ಧಂಬರ್ಧ ಹೇಳಿದ್ದೇನೆ. ತಿಳಿದವರು ತಿದ್ದಿ.

ಗಂಜಾಂನವನು

ಅಕ್ಕಾ, ಅದು ಈರಗಲ್ಲೇ ಕಣಕ್ಕ, ಅನುಮಾನನೇ ಬ್ಯಾಡ. ನಮ್ ಅಂಜೂರದ ತೋಟದ ಬದೀಲೂ ಒಂದೈತೆ. ನಮ್ ತಾತ ಮಾಲಯ ಅಮಾಸೆಗೆ ಅದಕ್ಕೆ ನೀರ್ ಹಾಕಿ, ಎಡೆ ಇಟ್ಟು, ಆಮೇಲೆ ಮನೇಲಿ ಊಟಕ್ ಕೂರೋರು. ಯಾರ್ ಸತ್ತಿರೋದು ತಾತ ಅಂತ ಕೇಳುದ್ರೆ, ‘ನಮಗಿಂತ ಮುಂಚೆ ಈ ನೆಲ ಕಾದೋನು ಕಣ್ಲಾ’ ಅನ್ನೋರು. ಅಷ್ಟೇ ಗೊತ್ತಿದ್ದಿದ್ದು. ತಾತ ಹೋದ್ಮೇಲೆ ನಾವು ಎಡೆ ಇಡೋದ ಬಿಟ್ಬುಟ್ವಿ. ನೀವು ಬರ್ದಿದ್ ಓದಿ ಇವತ್ತು ಬೆಳಿಗ್ಗೆ ಹೋಗಿ ಸುತ್ತಾ ಇದ್ದ ಮುಳ್ಳು ಕಡ್ದು ಬಂದೆ.

ಪಾಲಹಳ್ಳಿ ಮೇಷ್ಟ್ರು

ಮೇಡಂ, ನಿಮ್ಮ ಎರಡನೇ ಪ್ರಶ್ನೆಗೆ ನನಗೆ ತಿಳಿದದ್ದು ಹೇಳುತ್ತೇನೆ. ಮೂವತ್ತು ವರ್ಷ ಇದೇ ತಾಲ್ಲೂಕಿನಲ್ಲಿ ಮಕ್ಕಳಿಗೆ ಇದನ್ನೇ ಹೇಳುತ್ತಾ ಬಂದವನು ನಾನು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಆ ಸ್ಮಶಾನದಲ್ಲಿ ಇರುವವರು ಟಿಪ್ಪುವಿನ ಕೋಟೆಗೆ ಹಾಕಿದ 1799ರ ಮುತ್ತಿಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಕಡೆಯ ಅಧಿಕಾರಿಗಳು ಮತ್ತು ಅದಾದ ಮೇಲೆ ಕೋಟೆಯಲ್ಲಿ ಬೀಡುಬಿಟ್ಟ ದಂಡಿನವರು, ಅವರ ಹೆಂಡತಿ ಮಕ್ಕಳು. ಇಂಗ್ಲಿಷ್ ಬರಹ ಕಂಡು ಎಲ್ಲರೂ ಇಂಗ್ಲಿಷರು ಅಂದುಕೊಳ್ಳುತ್ತೇವೆ. ಹಾಗಲ್ಲ. ಅಲ್ಲಿ ಬಹಳ ಜನ ಡಿ ಮ್ಯೂರಾನ್ ರೆಜಿಮೆಂಟಿನವರು, ಅಂದರೆ ಸ್ವಿಟ್ಜರ್ಲೆಂಡಿನ ಕಡೆಯ ಬಾಡಿಗೆ ದಂಡು. ನ್ಯೂಶಾತೆಲ್ ಪ್ರಾಂತದ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ಡಚ್ಚರ ಕಂಪನಿಗಾಗಿ ಇದನ್ನು ಕಟ್ಟಿದ. ಮೊದಲು ಆಫ್ರಿಕಾದ ಕೇಪ್, ಆಮೇಲೆ ಸಿಂಹಳ. 1795ರಲ್ಲಿ ಸಿಂಹಳ ಬ್ರಿಟಿಷರ ಕಡೆ ವಾಲುವ ಹೊತ್ತಿಗೆ ಈ ದಂಡೂ ಅವರ ಸಂಬಳಕ್ಕೆ ಸೇರಿತು. ನಾಲ್ಕು ವರ್ಷಕ್ಕೆ ನಮ್ಮೂರ ಕೋಟೆ ಎದುರು ಬಂದು ನಿಂತಿತು. 1806ರಲ್ಲಿ ಭಾರತ ಬಿಟ್ಟಿತು, 1816ರಲ್ಲಿ ಕೆನಡಾದಲ್ಲಿ ಬರಖಾಸ್ತಾಯಿತು. ಹಿಮದ ಬೆಟ್ಟದ ಕೆಳಗೆ ಹುಟ್ಟಿದ ಹುಡುಗರು ಬತ್ತದ ಬಯಲಲ್ಲಿ ಮಣ್ಣಾದದ್ದು ಹೀಗೆ.

ಮಕ್ಕಳು ವಯಸ್ಸು ಲೆಕ್ಕ ಹಾಕಿದರು ಅಂದಿರಲ್ಲ, ಅದು ಬಹಳ ಒಳ್ಳೆಯ ಪಾಠ. ಕೋಟೆಗೆ ನುಗ್ಗಿದ ಕಾಳಗ ಒಂದು ಮಧ್ಯಾಹ್ನದ್ದು, ಮೇ 4. ಅದಾದ ಮೇಲೆ ವರ್ಷಗಟ್ಟಲೆ ಸಾಯಿಸಿದ್ದು ಜ್ವರ. ನದಿಯ ಎರಡು ಕವಲುಗಳ ನಡುವಿನ ದ್ವೀಪ, ಸುತ್ತ ನಾಲೆ, ಗದ್ದೆ, ಕೋಟೆಯ ಕಂದಕದಲ್ಲಿ ನಿಂತ ನೀರು. ಮಲೇರಿಯಾ ಬಿಡಲಿಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿಂದ ದಂಡನ್ನು ಎತ್ತಿಕೊಂಡು ಬೆಂಗಳೂರಿಗೆ ಹೋದದ್ದು ಈ ಕಾರಣಕ್ಕೇ. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದಕ್ಕೆ ನಮ್ಮೂರ ಸೊಳ್ಳೆಯೂ ಒಂದು ಕಾರಣ ಅಂತ ಮಕ್ಕಳಿಗೆ ಹೇಳಿ, ಮರೆಯುವುದಿಲ್ಲ.

ಊರಿನವರ ಸಾವಿಗೆ ಮಾತ್ರ ಗೋರಿ ಇಲ್ಲ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಅಂತ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದಾನೆ. ಅವನು 1800ರಲ್ಲಿ ಬಂದು ನೋಡಿದಾಗ ಉಳಿದಿದ್ದವರು ಸುಮಾರು 32 ಸಾವಿರ. ಮಿಕ್ಕವರು ಎಲ್ಲಿ ಹೋದರು? ಕೆಲವರು ಮೈಸೂರಿಗೆ, ಕೆಲವರು ಹಳ್ಳಿಗೆ, ಕೆಲವರು ನದಿಗೆ.

ಕೋಟೆಬೀದಿ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳ್ತೀನಿ. ನಾನು ಕೋಟೆ ಒಳಗೇ ಹುಟ್ಟಿ ಬೆಳೆದವನು. ಮೇ 4ರ ರಾತ್ರಿ ನಮ್ಮೂರಿನ ಮನೆಮನೆಗೆ ನುಗ್ಗಿ ಲೂಟಿ ಹೊಡೆದರು. ಕೊನೆಗೆ ಅವರದೇ ದಂಡಿನ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ನಾಲ್ಕು ಜನರನ್ನು ಗಲ್ಲಿಗೆ ಹಾಕಿಸಿದ ಮೇಲೆ ನಿಂತಿತು. ಅಂಥವರ ಗೋರಿಗೆ ಗಾರೆ ಮಾಡಿ, ಹುಲ್ಲು ಕತ್ತರಿಸಿ, ಗೇಟು ಹಾಕಿದ್ದಾರೆ. ನಮ್ಮ ಕಡೆ ಸತ್ತವರ ಹೆಸರು ಯಾವ ಕಲ್ಲಿನಲ್ಲಿದೆ? ಕೋಟೆಯ ಪಶ್ಚಿಮ ತುದಿಯಲ್ಲಿ ಎತ್ತರದ ಕಂಬ ನಿಲ್ಲಿಸಿದ್ದಾರಲ್ಲ, ಅದರಲ್ಲೂ ಅವರದೇ ಪಟ್ಟಿ. ನಾನು ಚಿಕ್ಕವನಾಗಿದ್ದಾಗ ಅದರ ಕೆಳಗೆ ಕೂತು ನದಿ ನೋಡ್ತಿದ್ದೆ. ಅದು ಗೆದ್ದವರ ಕಂಬ ಅಂತ ದೊಡ್ಡವನಾದ ಮೇಲೆ ಗೊತ್ತಾಯ್ತು. ಗೊತ್ತಾದ ದಿನ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತೆ.

ಪಾಲಹಳ್ಳಿ ಮೇಷ್ಟ್ರು

ಉರಿಯಬೇಕಾದದ್ದೇ, ತಮ್ಮಾ. ಆ ಕಂಬ 1907ರದ್ದು, ಮುತ್ತಿಗೆ ಆಗಿ ನೂರು ವರ್ಷದ ಮೇಲೆ ಮೈಸೂರು ಸರ್ಕಾರದಿಂದಲೇ ಎದ್ದದ್ದು. ಅದನ್ನು ಯಾರು ಯಾಕೆ ನಿಲ್ಲಿಸಿದರು ಎಂದು ಜಗಳ ಆಡೋಣ, ನಾನೂ ನಿನ್ನ ಪಕ್ಕ ಕೂರುತ್ತೇನೆ. ಕಂಬ ಹೇಳುವುದು ಗೆಲುವಿನ ಮಾತು. ಗೋರಿ ಹಾಗಲ್ಲ. ಅಲ್ಲಿ ಒಬ್ಬ ತಾಯಿ ಇದ್ದಾಳೆ, ಪಕ್ಕದಲ್ಲಿ ಕೂಸಿದೆ.

ಇನ್ನೊಂದು ಮಾತು. ಗುಂಬಜಿಗೆ ಹೋಗುವಾಗ ತೋಟದ ಬಾಗಿಲ ಬಳಿ ಒಂದು ಸ್ಮಾರಕ ಇದೆ, ಯಾರೂ ನಿಂತು ನೋಡುವುದಿಲ್ಲ. ಕರ್ನಲ್ ಬೇಯ್ಲಿಯದ್ದು. 1780ರ ಪೊಲ್ಲಿಲೂರಿನ ಯುದ್ಧದಲ್ಲಿ ಸೋತು ಸೆರೆಸಿಕ್ಕು, 1782ರ ನವೆಂಬರಿನಲ್ಲಿ ನಮ್ಮೂರಲ್ಲೇ ಸತ್ತ. ಆ ಯುದ್ಧವನ್ನೇ ಟಿಪ್ಪುವಿನ ಅರಮನೆ ದರಿಯಾ ದೌಲತಿನ ಗೋಡೆ ಚಿತ್ರದಲ್ಲಿ ನೋಡುತ್ತೇವೆ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿರುವವನು ಅವನೇ. ಅವನ ಅಣ್ಣತಮ್ಮಂದಿರ ಕಡೆಯ ಮಗ, ಲಖನೌದಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದವನು, 1816ರಲ್ಲಿ ಈ ಸ್ಮಾರಕ ಕಟ್ಟಿಸಿದ. ಬೇಯ್ಲಿ ಸತ್ತು ಒಂದು ತಿಂಗಳೊಳಗೆ, ಡಿಸೆಂಬರಿನಲ್ಲಿ, ಹೈದರಾಲಿ ಚಿತ್ತೂರಿನ ಬಳಿ ತೀರಿಕೊಂಡ. ಮೊದಲು ಕೋಲಾರಕ್ಕೆ, ಆಮೇಲೆ ಇಲ್ಲಿಗೆ ತಂದು ಮಗ ಟಿಪ್ಪು ಗುಂಬಜ್ ಕಟ್ಟಿಸಿದ. ಅದೇ ಗುಂಬಜಿನಲ್ಲಿ ತಾಯಿ ಫಕ್ರುನ್ನಿಸಾ ಇದ್ದಾಳೆ, 1799ರ ಮೇ 5ರಂದು ಮಗನೂ ಅಲ್ಲಿಗೇ ಬಂದ. ಸೆರೆ ಹಿಡಿದವನು, ಸೆರೆ ಸಿಕ್ಕವನ ನೆನಪು, ಇಬ್ಬರ ನಡುವೆ ಒಂದು ತೋಟದ ದೂರ. ಬಾಗಿಲಿನ ದಂತದ ಕೆತ್ತನೆ ಡಾಲ್‌ಹೌಸಿ ಮಾಡಿಸಿಕೊಟ್ಟದ್ದು ಅಂತಲೇ ಹಿರಿಯರು ಹೇಳುತ್ತಾ ಬಂದಿದ್ದಾರೆ.

ನಮ್ಮ ಕಡೆಯವರ ಹೆಸರು ಎಲ್ಲಿದೆ ಅಂದೆಯಲ್ಲ. ಗುಂಬಜಿನ ಜಗಲಿಯ ಮೇಲೆ, ಸುತ್ತ ತೋಟದಲ್ಲಿ ಸಾಲುಸಾಲು ಗೋರಿಗಳಿವೆ, ಅವನ್ನು ಯಾರಾದರೂ ಒಂದೊಂದಾಗಿ ಬರೆದಿಟ್ಟಿದ್ದೀರಾ? ನಾನೂ ಬರೆದಿಟ್ಟಿಲ್ಲ. ಇದು ನನ್ನ ತಪ್ಪೂ ಹೌದು.

ದೂರದೂರಿನ ಮಂಡ್ಯದವಳು

ಮೇಷ್ಟ್ರು ನ್ಯೂಶಾತೆಲ್ ಹೆಸರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸ್ವಿಟ್ಜರ್ಲೆಂಡಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಊರು ಕೆ.ಆರ್.ಪೇಟೆ ಕಡೆ. ನ್ಯೂಶಾತೆಲ್ ಅಂದರೆ ಕೆರೆ ದಂಡೆಯ ಊರು, ಹಳದಿ ಕಲ್ಲಿನ ಮನೆಗಳು. ಅಲ್ಲಿನ ಮಾನವಶಾಸ್ತ್ರ ಮ್ಯೂಸಿಯಮ್ಮಿನ ಬುಡ ಇದೇ ಡಿ ಮ್ಯೂರಾನನ ಸಂಗ್ರಹ, ಆತ 1795ರಲ್ಲಿ ಊರಿಗೆ ಕೊಟ್ಟದ್ದು. ದಂಡು ಕಟ್ಟಿದವನ ಹೆಸರು ಅಲ್ಲಿ ಉಳಿದಿದೆ. ದಂಡಿಗೆ ಸೇರಿ ಸತ್ತವರ ಹೆಸರು ನಮ್ಮ ಕಾವೇರಿ ದಂಡೆಯಲ್ಲಿದೆ.

ಆ ಸ್ಮಶಾನವನ್ನೂ ಪಕ್ಕದ ಸ್ಕಾಟ್ ಬಂಗಲೆಯನ್ನೂ 2007ರ ಸುಮಾರಿಗೆ ರಿಪೇರಿ ಮಾಡಿಸಿದ್ದು ಡಿ ಮ್ಯೂರಾನ್ ವಂಶದವರೇ. ಇನ್ನೂರು ವರ್ಷ ಆದಮೇಲೆ ಹುಡುಕಿಕೊಂಡು ಬಂದರು. ಅವರಿಗೆ ಹುಡುಕಲು ಸಾಧ್ಯವಾದದ್ದು ಯಾಕೆಂದರೆ ಕಲ್ಲಿನಲ್ಲಿ ಹೆಸರಿತ್ತು, ಕಾಗದದಲ್ಲಿ ದಂಡಿನ ಪಟ್ಟಿ ಇತ್ತು. ನಾಳೆ ನಮ್ಮವರು ಯಾರಾದರೂ ಹುಡುಕಿಕೊಂಡು ಬಂದರೆ ಏನಿರುತ್ತೆ ಅಂತ ಯೋಚಿಸಿದರೆ ನನಗೆ ಸಂಕಟ ಆಗುತ್ತೆ. ನಮ್ಮ ಅಜ್ಜನ ಸಮಾಧಿ ಹೊಲದಲ್ಲೇ ಇತ್ತು. ಹೊಲ ಮಾರಿದೆವು.

ಕೋಟೆಬೀದಿ

ಸ್ಕಾಟ್ ಬಂಗಲೆ ಅಂದ್ರಲ್ಲ, ಅದರ ಕತೆ ನಮ್ಮ ಮನೆಯಲ್ಲಿ ಅಜ್ಜಿ ಹೇಳೋರು. ಕರ್ನಲ್ ಕವಾಯತಿಗೆ ಹೋಗಿದ್ದ, ವಾಪಸು ಬರೋಷ್ಟರಲ್ಲಿ ಕಾಲರಾಕ್ಕೆ ಹೆಂಡತಿ ಮಕ್ಕಳು ಹೋಗಿಬಿಟ್ಟಿದ್ದರು. ಉಟ್ಟ ಬಟ್ಟೆಯಲ್ಲೇ ಎಲ್ಲಿಗೋ ನಡೆದುಹೋದ, ಮನೆಯ ಸಾಮಾನು ಇದ್ದ ಹಾಗೇ ಬಿಟ್ಟಿದ್ದರು, ಮಹಾರಾಜರು ಯಾರೂ ಮುಟ್ಟಬೇಡಿ ಅಂದಿದ್ದರು ಅಂತ. ಎಷ್ಟು ನಿಜವೋ. ಅಜ್ಜಿ ಇದನ್ನ ಹೇಳುವಾಗ ‘ಪಾಪ’ ಅಂತಿದ್ದರು. ಅವರು ಯಾರ ಕಡೆಯವನು ಅಂತ ಕೇಳಿರಲಿಲ್ಲ. ಅದು ಈಗ ನೆನಪಾಯ್ತು, ಅದಕ್ಕೆ ಬರೆದೆ. ಕಂಬದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಶಾಸನಪ್ರಿಯ

ಮೇಡಂ, ನಿಮ್ಮ ಕಲ್ಲಿಗೆ ಬರೋಣ. ನಾನು ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ, ಭಾನುವಾರಗಳೆಲ್ಲ ಕಲ್ಲು ಹುಡುಕುವುದೇ.

ನೀವು ಹೇಳಿದ ಲಕ್ಷಣ ನೋಡಿದರೆ ಅದು ತುರುಗೋಳ್ ವೀರಗಲ್ಲು. ತುರು ಅಂದರೆ ದನ. ಹಳೆಯ ಕಾಲದಲ್ಲಿ ಒಂದು ಊರಿನ ಸಂಪತ್ತು ಅಂದರೆ ದನದ ಹಿಂಡು. ಪಕ್ಕದ ಊರಿನವರೋ ಕಳ್ಳರೋ ಬಂದು ಹಿಂಡನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬೆನ್ನಟ್ಟಿ ಹೋಗಿ ದನ ಬಿಡಿಸಿಕೊಂಡು ಬರುವಾಗ ಸತ್ತವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಶಾಸನಗಳಲ್ಲಿ ‘ತುರುವಂ ಮಗುಳ್ಚಿ’ ಅಂತ ಬರುತ್ತದೆ, ದನವನ್ನು ಮರಳಿಸಿ ಅಂತ. ಹೆಂಗಸರ ಮಾನ ಕಾಯಲು ಹೋಗಿ ಸತ್ತರೆ ‘ಪೆಣ್ಬುಯ್ಯಲ್’. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು, ಅದಕ್ಕೆ ಎಂಥ ಹೆಸರು ನೋಡಿ: ನೆತ್ತರುಕೊಡಗೆ. ರಾಜ ಮಹಾರಾಜರ ಸ್ಮಾರಕಗಳೆಲ್ಲ ಒಂದು ತೂಕ, ದನ ಕಾದವನ ಕಲ್ಲು ಇನ್ನೊಂದು ತೂಕ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು.

ಕಲ್ಲು ಪೂರ್ತಿ ಇದ್ದರೆ ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾಳಗ, ನೀವು ನೋಡಿರುವುದು ಅದು. ನಡುವೆ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲೆ ಒಯ್ಯುವುದು. ತುದಿಯಲ್ಲಿ ಲಿಂಗ, ನಂದಿ, ಪೂಜೆ ಮಾಡುವವನು, ಮೇಲೆ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಡ್ಡಗೆರೆಯಂಥ ಜಾಗದಲ್ಲೇ ಅಕ್ಷರ ಇರುವುದು. ಅಲ್ಲಿ ಬೆರಳಾಡಿಸಿ ನೋಡಿ.

ಫೋಟೋ ತೆಗೆಯುವಾಗ ದಯವಿಟ್ಟು ಸೀಮೆಸುಣ್ಣ ಉಜ್ಜಬೇಡಿ, ಮೈದಾ, ಅರಿಶಿನ, ಎಣ್ಣೆ ಯಾವುದೂ ಬೇಡ, ತಂತಿ ಬ್ರಷ್ಷಂತೂ ಬೇಡವೇ ಬೇಡ. ಬರೀ ನೀರು, ಮೆತ್ತನೆಯ ಬ್ರಷ್ಷು. ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ ಕಲ್ಲಿನ ಪಕ್ಕಕ್ಕೆ, ಮೈಗೆ ಸವರುವ ಹಾಗೆ ಬೆಳಕು ಬಿಡಿ. ಗುಳಿಗಳೆಲ್ಲ ನೆರಳಾಗಿ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ಮೊದಲ ಸಲ ಅದನ್ನು ಕಂಡಾಗ ನನ್ನ ಮೈ ಜುಮ್ಮೆಂದಿತ್ತು.

ಮುಖ ಕೆಳಗಾಗಿ ಮಲಗಿಸಿದ್ದು ಒಂದು ರೀತಿಯಲ್ಲಿ ಪುಣ್ಯ. ಮೇಲಾಗಿದ್ದರೆ ಕಾಲಿಗೆ, ಗಾಡಿಗೆ ಸವೆದು ಹೋಗಿರುತ್ತಿತ್ತು.

ಗಂಜಾಂನವನು

ಸಾರ್, ನಮ್ ಕಲ್ಲಲ್ಲಿ ಆಳಿನ ಪಕ್ಕ ಒಂದ್ ನಾಯಿ ಐತೆ. ನಾಯಿಗೂ ಕಲ್ಲು ನಿಲ್ಸೋರಾ?

ಶಾಸನಪ್ರಿಯ

ನಿಲ್ಲಿಸುತ್ತಿದ್ದರು ಅಣ್ಣ, ಅದೂ ನಮ್ಮ ಮಂಡ್ಯ ಜಿಲ್ಲೆಯಲ್ಲೇ! ಮದ್ದೂರು ತಾಲ್ಲೂಕಿನ ಆತಕೂರು. ಕ್ರಿ.ಶ. 949ರ ಹೊತ್ತಿನದು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಗಂಗರ ಬೂತುಗನ ಜೊತೆಯಲ್ಲಿದ್ದ ಮಣಲೆರ ಎಂಬ ವೀರ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಅಂದಾಗ ಅವನು ಊರು ಕೇರಿ ಕೇಳಲಿಲ್ಲ, ‘ಕಾಳಿ’ ಎಂಬ ನಾಯಿಯನ್ನು ಕೇಳಿದ. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಕಾಳಿಗೆ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಪೂಜೆ ತಪ್ಪಿಸಿದವನಿಗೆ ನಾಯಿಯ ಪಾಪ ತಟ್ಟಲಿ ಅಂತ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಮೇಲ್ಗಡೆ ನಾಯಿ, ಹಂದಿ ಮುಖಾಮುಖಿ. ಹೋದಾಗ ನೋಡಿ ಬನ್ನಿ.

ನಿಮ್ಮ ಕಲ್ಲಿನ ನಾಯಿ ಬೇಟೆಯಲ್ಲಿ ಜೊತೆಗಿದ್ದದ್ದಿರಬಹುದು. ಫೋಟೋ ಹಾಕಿ.

ಹಿರೋಡೆ

ಪಾಂಡವಪುರದಿಂದ ಎರಡು ಮಾತು. ನಮ್ಮೂರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಟಿಪ್ಪು ಕಡೆ ಇದ್ದ ಫ್ರೆಂಚರ ದಂಡು ಇಲ್ಲಿ ಬೀಡುಬಿಟ್ಟಿದ್ದರಿಂದ. ಆಮೇಲೆ ಕಂಪನಿ ದಂಡೂ ಇತ್ತು, ಅವರ ಗೋರಿಗಳೂ ಇವೆ. ಗ್ಯಾರಿಸನ್ ಸ್ಮಶಾನಕ್ಕೆ ಬಂದ ಅದೃಷ್ಟ ಇವಕ್ಕೆ ಬರಲಿಲ್ಲ. ನೀವು ಶ್ರೀರಂಗಪಟ್ಟಣದಿಂದ ನಮ್ಮ ಕಡೆ ಬರುವಾಗ ಕಿರಂಗೂರಿನ ಹತ್ತಿರ ಒಂದು ಎತ್ತರದ ಕಲ್ಲುಕಂಬ ಸಿಗುತ್ತದೆ, ರೆಸಿಡೆಂಟ್ ಆಗಿದ್ದ ಜೋಸೈಯಾ ವೆಬ್‌ನ ನೆನಪಿಗೆ ದಿವಾನ್ ಪೂರ್ಣಯ್ಯನವರು ಹಾಕಿಸಿದ್ದು. ಸ್ನೇಹಿತನಿಗೆ ಕಲ್ಲು ನೆಡಿಸಿದ ಪೂರ್ಣಯ್ಯನವರಿಗೆ ಮಾತ್ರ ಗೋರಿ ಇಲ್ಲ. 1812ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. 1804ರಲ್ಲಿ ಅವರು ಕಟ್ಟಿಸಿದ ಕಲ್ಲಿನ ಸೇತುವೆಗೂ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರೇ ಇಟ್ಟರು.

ನಮ್ಮಲ್ಲಿ ಸುಡುವವರಿಗೆ ಕಲ್ಲಿಲ್ಲ, ನದಿ ಇದೆ. ಪಶ್ಚಿಮವಾಹಿನಿಯಲ್ಲಿ ನಿಂತರೆ ಸ್ಮಶಾನದಲ್ಲಿ ನಿಂತ ಹಾಗೇ ಅನಿಸುತ್ತದೆ ನನಗೆ. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ. ನಮ್ಮಪ್ಪನ ಬೂದಿ ಬಿಟ್ಟದ್ದು ಅಲ್ಲೇ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನೂ ಅಲ್ಲೇ ಬಿಟ್ಟರು. ಆ ಸ್ನಾನಘಟ್ಟ, ಹಳೆಯ ಛತ್ರಗಳು ಬಿರುಕು ಬಿಟ್ಟು ನಿಂತಿವೆ. ತಾಲ್ಲೂಕಿನ ಪಟ್ಟಿ ಮಾಡುವುದಾದರೆ ಅವನ್ನೂ ಸೇರಿಸಿ.

ಬೆಳಗೊಳದ ಸೊಸೆ

ನೀವೆಲ್ಲ ಇರುವ ಕಲ್ಲುಗಳ ಮಾತಾಡುತ್ತಿದ್ದೀರಿ. ನಮ್ಮ ಅತ್ತೆಯ ತಾಯಿ ಹಳೇ ಕನ್ನಂಬಾಡಿಯವರು. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ ನೀರು ಏರುತ್ತಾ ಬಂದಾಗ ಊರನ್ನೇ ಎತ್ತಿಕೊಂಡು ಬಂದರು. ಮನೆ ಬಾಗಿಲು, ಒರಳು, ತೊಲೆ ಎಲ್ಲ ಗಾಡಿಯಲ್ಲಿ ಬಂತು. ಸತ್ತವರು ಬರಲಿಲ್ಲ. ಅವರಮ್ಮ ಸಾಯುವ ತನಕ ಕೆ.ಆರ್.ಎಸ್. ಹಿನ್ನೀರಿನ ಕಡೆ ತಿರುಗಿ ಕೈ ಮುಗಿಯುತ್ತಿದ್ದರಂತೆ, ಹಿರಿಯರ ಗುಡ್ಡೆ ಅಲ್ಲಿದೆ ಅಂತ. ನೀರು ತಗ್ಗಿದ ಬೇಸಿಗೆಗಳಲ್ಲಿ ವೇಣುಗೋಪಾಲಸ್ವಾಮಿ ದೇವಸ್ಥಾನ ಮೇಲೆ ಕಾಣುತ್ತಿತ್ತು, ಜನ ದೋಣಿಯಲ್ಲಿ ಹೋಗಿ ನೋಡುತ್ತಿದ್ದರು. ದೇವಸ್ಥಾನವನ್ನು ಆಮೇಲೆ ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ನಮ್ಮ ಅತ್ತೆ ಅದನ್ನು ನೋಡಿ ಅತ್ತರು. ಅವರಿಗೆ ಎಂಬತ್ತೆರಡು. ಅವರಿಗೆ ನೆನಪಿರುವ ಹೆಸರುಗಳನ್ನು ಈ ವಾರ ಕೂತು ಬರೆದುಕೊಳ್ಳುತ್ತೇನೆ. ಕಲ್ಲಿಲ್ಲದಿದ್ದರೂ ಪಟ್ಟಿಯಲ್ಲಿ ಸೇರಿಸಬಹುದಲ್ಲ?

ನಾಲೆಬಯಲು

ಖಂಡಿತ ಸೇರಿಸಿ ಅಕ್ಕ, ಅದೇ ಮೊದಲು ಬರಲಿ.

ನನ್ನ ಕಡೆಯ ಸುದ್ದಿ. ನಿನ್ನೆ ರಾತ್ರಿ ನಾನು, ನನ್ನ ತಮ್ಮ, ಸೋದರಮಾವ ಹೋಗಿ ಶಾಸನಪ್ರಿಯ ಅವರು ಹೇಳಿದ ಹಾಗೇ ಪಕ್ಕದಿಂದ ಟಾರ್ಚ್ ಹಿಡಿದೆವು. ಮೂರು ಪಟ್ಟಿಕೆಯೂ ಇದೆ! ದನ ಏಳು. ನಡುವೆ ಇಬ್ಬರು ಅಪ್ಸರೆಯರು, ಒಬ್ಬಳ ಮುಖ ಚೂರೂ ಸವೆದಿಲ್ಲ. ಲಿಂಗ ಇರುವ ತುದಿ ದಡದ ಮಣ್ಣಿನಲ್ಲಿ ಹೂತಿದೆ. ಅಕ್ಷರ ಇದೆಯಾ ಅಂತ ಹೇಳಲಾರೆ, ಮೇಲಿನ ಅಡ್ಡಪಟ್ಟಿಯಲ್ಲಿ ಏನೋ ಗೀರು ಕೈಗೆ ಸಿಗುತ್ತದೆ. ಫೋಟೋ ಹಾಕಿದ್ದೇನೆ.

ತೊಂದರೆ ಬೇರೆ ಇದೆ. ಆ ಕಲ್ಲಿನ ಮೇಲೆ ನಾಲ್ಕು ಮನೆಯವರು ಹುಲ್ಲಿನ ಹೊರೆ, ಗೊಬ್ಬರ ಹೊತ್ತು ದಾಟುತ್ತಾರೆ. ‘ಎತ್ತಿ ನಿಲ್ಸು ತಾಯಿ, ನಾವ್ಯಾಕ್ ಬ್ಯಾಡ ಅಂತೀವಿ, ಆದ್ರೆ ನಾಳೆ ನಾನ್ ಹೊಲಕ್ಕೆ ಹೆಂಗ್ ಹೋಗ್ಲಿ?’ ಅಂದರು ಒಬ್ಬರು ಅಜ್ಜಿ. ಅವರ ಮಾತಿನಲ್ಲಿ ಏನು ತಪ್ಪಿದೆ? ಕಚೇರಿಯೊಂದರಲ್ಲಿ ವಿಚಾರಿಸಿದೆ, ‘ಒಂದು ಅರ್ಜಿ ಬರ್ಕೊಡಿ, ನೋಡೋಣ’ ಅಂದರು. ನೋಡುವಷ್ಟರಲ್ಲಿ ನಾಲೆಗೆ ನೀರು ಬಂದಿರುತ್ತದೆ.

ಶಾಸನಪ್ರಿಯ

ಫೋಟೋ ನೋಡಿದೆ, ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಮೇಲಿನ ಅಡ್ಡಪಟ್ಟಿಯಲ್ಲಿರುವುದು ಅಕ್ಷರವೇ. ಒಂದೆರಡು ಗುಂಡಗೆ ಕಾಣುತ್ತಿವೆ. ಫೋಟೋದಲ್ಲಿ ಓದಲು ಹೋಗುವುದಿಲ್ಲ, ಕಾಲವನ್ನೂ ಹೇಳುವುದಿಲ್ಲ. ತಪ್ಪು ಓದು ಒಮ್ಮೆ ಹಬ್ಬಿದರೆ ಕಿತ್ತುಹಾಕಲು ಆಗುವುದಿಲ್ಲ. ನಾಡಿನ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆರನೇ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳಿವೆ. ನಿಮ್ಮ ಹಳ್ಳಿಯ ಹೆಸರು ನನಗೆ ಖಾಸಗಿಯಾಗಿ ತಿಳಿಸಿ, ಇವತ್ತೇ ಹುಡುಕುತ್ತೇನೆ. ಅದರಲ್ಲಿ ಇಲ್ಲದಿದ್ದರೆ ಇದು ಹೊಸದು.

ಅರ್ಜಿ ಕೊಟ್ಟೇ ಕೊಡಿ, ಬಿಡಬೇಡಿ. ಪಂಚಾಯ್ತಿ ಪಿಡಿಒಗೆ ಒಂದು, ತಹಶೀಲ್ದಾರರಿಗೆ ಒಂದು, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು, ನಾಲೆ ನೋಡಿಕೊಳ್ಳುವ ನೀರಾವರಿ ನಿಗಮದ ಇಂಜಿನಿಯರಿಗೆ ಒಂದು. ನಾಲ್ಕಕ್ಕೂ ಸೀಲು ಹಾಕಿಸಿಕೊಂಡು ನಕಲು ಇಟ್ಟುಕೊಳ್ಳಿ. ಫೋಟೋ, ಅಳತೆ, ಜಾಗದ ಗುರುತು ಜೊತೆಗಿರಲಿ. ನಿಲ್ಲಿಸುವುದು ಅದೇ ಊರಿನಲ್ಲೇ, ಅದೇ ದಾರಿಯ ಪಕ್ಕದಲ್ಲೇ ಆಗಲಿ. ಮ್ಯೂಸಿಯಮ್ಮಿಗೆ ಹೋದರೆ ಕಲ್ಲು ಉಳಿಯುತ್ತದೆ, ಊರಿಗೆ ಅದು ಇಲ್ಲವಾಗುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ, ಆಯಾ ಊರಿನವರಿಂದಲೇ ಕಲ್ಲು ಎತ್ತಿಸಿ ನಿಲ್ಲಿಸಿದ ಉದಾಹರಣೆಗಳಿವೆ. ಊರವರು ತಮ್ಮದು ಅಂದುಕೊಂಡ ಕಲ್ಲಿಗೆ ಬೇರೆ ಕಾವಲು ಬೇಡ.

ಕೋಟೆಬೀದಿ

ರೈಲ್ವೆ ಜೋಡಿ ಹಳಿ ಹಾಕುವಾಗ ಸ್ಟೇಷನ್ ಹತ್ತಿರದ ಟಿಪ್ಪು ಮದ್ದಿನ ಮನೆಯನ್ನ 2017ರಲ್ಲಿ ಹಾಗೇ ಎತ್ತಿ ಸರಿಸಿದರು. ಸಾವಿರ ಟನ್ ಹತ್ತಿರದ ಕಟ್ಟಡ. ನೂರು ಮೀಟರಿಗೂ ಹೆಚ್ಚು ದೂರ. ನಾನು ರಜೆ ಹಾಕಿ ಹೋಗಿ ನೋಡಿದ್ದೆ. ಬುಡಕ್ಕೆ ತೊಲೆ ಕೊಟ್ಟು, ಜಾಕ್ ಇಟ್ಟು, ಇಂಚಿಂಚಾಗಿ. ಒಂದು ಇಟ್ಟಿಗೆ ಉದುರಲಿಲ್ಲ. ಅಷ್ಟು ದೊಡ್ಡದನ್ನ ಸರಿಸಿದ ಊರಿನಲ್ಲಿ ಈ ಒಂದು ಕಲ್ಲು ಆಗಲ್ವಾ? ಎತ್ತುವ ದಿನ ಹೇಳಿ ಮೇಡಂ, ನಾನೂ ನನ್ನ ಮೂರು ಜನ ಸ್ನೇಹಿತರೂ ಬರ್ತೀವಿ.

ಮೇಷ್ಟ್ರೇ, ಗುಂಬಜಿನ ಗೋರಿಗಳನ್ನ ಬರೆದುಕೊಳ್ಳೋ ಕೆಲಸ ನನಗೆ ಕೊಡಿ. ಫಾರಸಿ ಓದೋಕೆ ಬರೋ ಚಾಚಾ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ.

ಪಾಲಹಳ್ಳಿ ಮೇಷ್ಟ್ರು

ಕೊಟ್ಟೆ ತಮ್ಮಾ. ನಾನೂ ಜೊತೆಗೆ ಬರುತ್ತೇನೆ, ಮಂಡಿ ನೋವು, ನಿಧಾನ ನಡೆಯುತ್ತೇನೆ. ಅದಾದ ಮೇಲೆ ಆಬೆ ದುಬಾ ಅವರ ಇಗರ್ಜಿಗೂ ಹೋಗೋಣ. ಫ್ರಾನ್ಸಿನಿಂದ ಬಂದು, ಕಾವಿಯಂಥ ಬಟ್ಟೆ ಉಟ್ಟು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು ಅನ್ನಿಸಿಕೊಂಡ ಪಾದ್ರಿ. ಸಿಡುಬಿನ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿಸಿದವರು. 1823ರಲ್ಲಿ ವಾಪಸು ಹೋದರು, ಅವರ ಗೋರಿ ಇಲ್ಲಿಲ್ಲ. ಅವರ ಲಸಿಕೆಯಿಂದ ಬದುಕಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಈ ಮಾತುಕತೆಯಲ್ಲೇ ಇರಬಹುದು.

ಗಂಜಾಂನವನು

ಅಕ್ಕಾ, ಆ ಅಜ್ಜಿ ಕೇಳಿದ್ದು ನ್ಯಾಯ. ನಮ್ ಮನೆ ಹಿಂದೆ ಹಳೇ ಕೊಟ್ಟಿಗೆ ಕೆಡವಿದ್ ಚಪ್ಪಡಿ ಐದಾರು ಬಿದ್ದವೆ, ಕೆಲ್ಸಕ್ ಬರ್ದೆ ನಿಂತವೆ. ಟ್ರಾಕ್ಟರ್ ನಮ್ದೇ. ನೀವು ಸೀಲ್ ಹಾಕಿಸ್ಕಳ್ಳಿ, ನಾನು ಒಂದೊಳ್ಳೆ ಚಪ್ಪಡಿ ಹೇರ್ಕೊಂಡ್ ಬತ್ತೀನಿ. ಮೊದ್ಲು ಚಪ್ಪಡಿ ಹಾಕಿ ಅಜ್ಜಿನ ದಾಟ್ಸಣ, ಆಮೇಲ್ ಈರಪ್ಪನ್ನ ಎತ್ತಣ. ನಾಲೆ ಎಷ್ಟಗಲ ಐತೆ?

ನಾಲೆಬಯಲು

ಅಣ್ಣಾ, ಏನು ಹೇಳಲಿ. ನಾಲೆ ನಾಲ್ಕೂವರೆ ಅಡಿ. ಎರಡೂ ಕಡೆ ಕೂರಬೇಕಲ್ಲ, ಆರಡಿಯದು ಇದ್ದರೆ ಸಾಕು ಅಂತ ಮಾವ ಹೇಳುತ್ತಿದ್ದಾರೆ. ಹಗ್ಗ ನಮ್ಮಲ್ಲಿದೆ, ಹಾರೆ ಎರಡಿವೆ. ಕಲ್ಲಿನ ಮುಖಕ್ಕೆ ಪೆಟ್ಟಾಗದ ಹಾಗೆ ಕೆಳಗೆ ಹಾಸಲು ಹುಲ್ಲಿನ ಹೊರೆಯನ್ನು ಅಜ್ಜಿಯೇ ಕೊಡುತ್ತಾರಂತೆ. ಅರ್ಜಿ ನಾಲ್ಕೂ ಬರೆದಾಯಿತು, ನಾಳೆ ಹತ್ತು ಗಂಟೆಗೆ ತಾಲ್ಲೂಕು ಕಚೇರಿಯ ಮುಂದೆ ಇರುತ್ತೇನೆ.

ಗಂಜಾಂನವನು

ಆರೂವರೆ ಅಡೀದು ಐತೆ. ಈಗ್ತಾನೆ ಅಳ್ದೆ.